ಮಧ್ಯದಿಂದ ಅಂಚಿಗೆ

ಜನವರಿಯ ಒಂದು ಭಾನುವಾರ, ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿ. ಮನೆಯಲ್ಲಿ ಇಬ್ಬರು: ಶಾಲೆಯಲ್ಲಿ ಪಾಠ ಮಾಡುವ ಅತ್ತೆ, ಬೆಂಗಳೂರಿನ ಕೈಮಗ್ಗದ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಅವರ ಅಣ್ಣನ ಮಗಳು.

— ಅತ್ತೆ, ಹಾಲ್ ತುಂಬ ಸೀರೆ ಹಾಸಿಬಿಟ್ಟಿದ್ದೀರಲ್ಲ! ಎಲ್ಲಿ ಕಾಲಿಡಲಿ?

— ಗೋಡೆ ಪಕ್ಕದಲ್ಲೇ ಬಾ, ತುಳೀಬೇಡ. ಹೊರಗೆ ಹಾಸೋಣ ಅಂದ್ರೆ ಕಣದ ತುಂಬ ಕಾಫಿ. ಈ ತಿಂಗಳಲ್ಲಿ ನಮ್ಮೂರಲ್ಲಿ ಬಿಸಿಲು ಬೀಳೋ ಜಾಗವೆಲ್ಲ ಕಾಫಿಯದ್ದೇ. ನನಗೆ ಸಿಗೋದು ಭಾನುವಾರ ಒಂದೇ. ಅದಕ್ಕೇ ಬೆಳಕು ಹರಿಯೋ ಮುಂಚೆ ಸೋಫಾನ ಗೋಡೆಗೆ ತಳ್ಳಿ ಶುರು ಮಾಡಿದೆ.

— ಕೌದಿನಾ?

— ಕೌದಿನೇ. ಅಡಿಯಲ್ಲಿರೋದು ನಿನ್ನ ಅಜ್ಜಿಯ ನೂಲಿನ ಸೀರೆ. ನಡುವೆ ಸವೆದ ಪಂಚೆಗಳು. ಮೇಲೆ ಬರೋ ಪದರ ಅಲ್ಲಿ ಕುರ್ಚಿ ಮೇಲಿದೆ, ತುಂಡು ಜೋಡಿಸಿ ಮುಗಿಸಿದ್ದೀನಿ. ಇವತ್ತು ಮೂರನ್ನೂ ಸೇರಿಸಿ ಮೆಷಿನ್ನಿಗೆ ಹಾಕೋದು.

— ಮೆಷಿನ್ನಿಗಾ? ಬೇಜಾರು ಮಾಡ್ಕೋಬೇಡಿ ಅತ್ತೆ, ಮೆಷಿನ್ನಲ್ಲಿ ಹೊಲಿದದ್ದು ಹೇಗೆ ಕೌದಿ ಆಗುತ್ತೆ? ಧಾರವಾಡ, ಬಾಗಲಕೋಟೆ ಕಡೆಯಿಂದ ನಮ್ಮ ಅಂಗಡಿಗೆ ಕೌದಿ ಬರುತ್ತೆ. ಜನ ಮೊದಲು ಮಗುಚಿ ನೋಡೋದೇ ಕೈಹೊಲಿಗೆ ಹೌದೋ ಅಲ್ಲವೋ ಅಂತ.

— ನೋಡಲಿ. ನೋಡಬೇಕಾದದ್ದೇ. ಕೈಯಲ್ಲಿ ಹೊಲಿದೆ ಅಂತ ಹೇಳಿ ಮೆಷಿನ್ನಿಂದು ಮಾರಿದ್ರೆ ಅದು ಮೋಸ. ನಾನು ಮೆಷಿನ್ನಲ್ಲಿ ಹೊಲಿದೆ ಅಂತಲೇ ಹೇಳ್ತೀನಿ. ಬಾ, ಆ ತುದಿ ಹಿಡ್ಕೋ, ಸುಕ್ಕಿಲ್ಲದ ಹಾಗೆ ಎಳಿ. ಬಿಗಿಯಾಗಿ ಅಲ್ಲ, ಸುಮ್ಮನೆ ಸಮ ಆಗೋವಷ್ಟು.

— ಇದರಲ್ಲಿ ಹೊಸ ಬಟ್ಟೆನೂ ಇದೆ.

— ರವಿಕೆ ಕಣದ ತುಂಡುಗಳು ಅವು. ಎಲ್ಲವನ್ನೂ ಮೊದಲೇ ಒಗೆದು ಇಸ್ತ್ರಿ ಹಾಕಿದ್ದೀನಿ. ಹೊಸ ಹತ್ತಿ ಬಟ್ಟೆ ಮೊದಲ ಒಗೆತಕ್ಕೆ ನೂರಕ್ಕೆ ಮೂರರಿಂದ ಐದು ಭಾಗ ಕುಗ್ಗುತ್ತೆ. ಅಜ್ಜಿ ಸೀರೆ ಕುಗ್ಗೋದನ್ನ ಯಾವತ್ತೋ ಮುಗಿಸಿದೆ. ಒಗೆಯದೆ ಎರಡನ್ನೂ ಸೇರಿಸಿದ್ರೆ ಹೊಸದು ಹಳೇದನ್ನ ಎಳೆಯುತ್ತೆ, ಹೊಲಿಗೆ ಪಕ್ಕದಲ್ಲಿ ಹರಿಯೋದು ಯಾವಾಗಲೂ ಹಳೇ ಬಟ್ಟೆ. ಕೆಂಪು ತುಂಡು ಇದ್ರೆ ಒದ್ದೆ ಮಾಡಿ ಬಿಳಿ ಬಟ್ಟೆ ಒತ್ತಿ ನೋಡಬೇಕು. ಬಣ್ಣ ಅಂಟಿದ್ರೆ ಅದನ್ನ ಕೌದಿಗೆ ಸೇರಿಸೋ ಹಾಗಿಲ್ಲ, ಎಷ್ಟೇ ಚೆಂದ ಇದ್ರೂ.

— ನಡುವೆ ಹತ್ತಿ ಹಾಕಬಹುದಿತ್ತಲ್ಲ? ದಪ್ಪಗೆ, ಬೆಚ್ಚಗೆ ಇರೋದು.

— ಈ ಊರಲ್ಲಾ? ಜೂನ್‌ನಿಂದ ಆಗಸ್ಟ್‌ವರೆಗೆ ಒಂದು ಟವೆಲು ಒಣಗಬೇಕಾದ್ರೆ ಒಲೆ ಮುಂದೆ ಹರಡಬೇಕು. ಹತ್ತಿ ತುಂಬಿದ್ದು ಒಂದು ಮಳೆಗಾಲ ಕಳೆಯೋದ್ರಲ್ಲಿ ಬೂಷ್ಟು ಹಿಡಿಯುತ್ತೆ. ಬಯಲುಸೀಮೆಯವರು ಆರೇಳು ಪದರ ಹಾಕಿ ಹೊಲೀತಾರೆ, ಅಲ್ಲಿ ಅದು ನಡೆಯುತ್ತೆ. ಮಲೆನಾಡಿನ ಕೌದಿ ತೆಳ್ಳಗಿರಬೇಕು, ಒಂದು ಬಿಸಿಲಿಗೆ ಒಣಗಬೇಕು. ಚಳಿ ಜಾಸ್ತಿ ಆದ್ರೆ ಎರಡು ಹೊದ್ಕೊಂಡ್ರಾಯ್ತು. ಈಗ ಪಿನ್ನು ಹಾಕು. ಅಂಗೈ ಅಗಲಕ್ಕೆ ಒಂದೊಂದು ಸೇಫ್ಟಿ ಪಿನ್, ನಡುವಿನಿಂದ ಹೊರಕ್ಕೆ.

— ನಡುವಿನಿಂದ ಯಾಕೆ? ಅಂಚು ಮೊದಲು ಭದ್ರ ಮಾಡ್ಕೊಂಡ್ರೆ ಜಾರಲ್ಲ ಅಲ್ವಾ? ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಕೌದಿ ಹೊಲಿಯೋದು ಅಂಚಿನಿಂದ. ಒಂದು ಮೂಲೆಯಲ್ಲಿ ಶುರು ಮಾಡಿ, ತುಂಡು ಇಡ್ತಾ ಹೊಲೀತಾ ಸುತ್ತು ಬರ್ತಾರೆ, ಕೊನೆಗೆ ನಡುವಿಗೆ ಬಂದು ಮುಗಿಸ್ತಾರೆ.

— ನೋಡಿದ್ದೀಯಾ?

— ನೋಡಿದ್ದೀನಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಆ ಕಡೆಯೆಲ್ಲ ಅವರ ಹಳ್ಳಿಗಳಿವೆ. ಆಫ್ರಿಕಾದಿಂದ ಶತಮಾನಗಳ ಹಿಂದೆ ಬಂದವರ ವಂಶದವರು, ಕನ್ನಡ, ಕೊಂಕಣಿ ಮಾತಾಡ್ತಾರೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ರು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂಅಲ್ ಅನ್ನೋ ಕಲಾ ಚರಿತ್ರಕಾರರು ಅವರ ಕೌದಿಗಳ ಬಗ್ಗೆ ಅಧ್ಯಯನ ಮಾಡಿದ್ರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಆ ಕೌದಿಗಳ ಪ್ರದರ್ಶನ ಕೂಡ ಆಯ್ತು. ನಾಲ್ಕು ಮೂಲೆಗೂ ಬಟ್ಟೆ ಮಡಚಿ ತ್ರಿಕೋನದ ಹೂವು ಹಾಕ್ತಾರೆ, ‘ಫೂಲ’ ಅಂತಾರೆ. ಅದಿಲ್ಲದ ಕೌದಿ ಬೆತ್ತಲೆ ಅಂತ ಅವರ ಲೆಕ್ಕ.

— ಅಂಚಿನಿಂದ ನಡುವಿಗೆ! ನಮ್ಮೂರ ಎಸ್ಟೇಟಿನ ಲೈನ್ ಮನೆಗೆ ಕೊಪ್ಪಳದ ಕಡೆಯಿಂದ ಕಾಫಿ ಕೊಯ್ಯೋಕೆ ಬಂದ ಹೆಂಗಸಿನ ಕೌದಿಯೂ ಹಾಗೇ ಇತ್ತು ಕಣೇ. ಹೊಲಿಗೆ ಸಾಲು ಅಂಚಿನ ಪಕ್ಕದಲ್ಲೇ ಹೊರಟು ಚೌಕ ಚೌಕವಾಗಿ ಒಳಗೆ ಸುತ್ತಿತ್ತು. ಸಾಲಿಂದ ಸಾಲಿಗೆ ಒಂದು ಬೆರಳು. ನಾನು ಅವರ ಪಕ್ಕ ಕೂತು ಎಷ್ಟೋ ಹೊತ್ತು ನೋಡಿದೆ. ಆಮೇಲೆ ಅದನ್ನೇ ಮೆಷಿನ್ನಲ್ಲಿ ಮಾಡೋಕೆ ಸಾಧ್ಯವಾ ಅಂತ ಯೋಚಿಸಿದಾಗಲೇ ನನಗೆ ಎರಡರ ವ್ಯತ್ಯಾಸ ತಿಳಿದದ್ದು.

— ಏನು ವ್ಯತ್ಯಾಸ?

— ಕೈಹೊಲಿಗೆಯಲ್ಲಿ ಎಡಗೈ ಅಡಿಯಿಂದ ಬಟ್ಟೆ ಹಿಡಿದಿರುತ್ತೆ. ಎಲ್ಲಿ ಒಂದು ಕೂದಲಷ್ಟು ಬಟ್ಟೆ ಜಾಸ್ತಿ ಬಂತೋ ಅಲ್ಲಿ ಬೆರಳು ಅದನ್ನ ತಿಳ್ಕೊಂಡು ಮುಂದಿನ ಟಾಕಿನೊಳಗೆ ಸೇರಿಸಿಬಿಡುತ್ತೆ. ಸಿದ್ದಿಗಳದ್ದು ಇನ್ನೂ ಒಂದು ಹೆಜ್ಜೆ ಮುಂದೆ. ನೀನು ಹೇಳಿದ ಹಾಗೆ ಅವರು ಮೇಲಿನ ಪದರವನ್ನ ಮೊದಲೇ ಜೋಡಿಸಿಟ್ಟಿರಲ್ಲ, ಹೋಗ್ತಾ ಹೋಗ್ತಾ ತುಂಡು ಇಡ್ತಾರೆ. ಹೆಚ್ಚು ಕಮ್ಮಿ ಆಗಿದ್ದನ್ನ ಮುಂದಿನ ತುಂಡು ಸರಿಮಾಡುತ್ತೆ. ಹಾಗಾಗಿ ನಡುವಿನಲ್ಲಿ ಮುಗಿಸೋಕೆ ಅವರಿಗೆ ಭಯ ಇಲ್ಲ. ಮೆಷಿನ್ನಲ್ಲಿ ನೋಡು, ಕೆಳಗೆ ಹಲ್ಲು ಇದೆ. ಅದು ಅಡಿ ಬಟ್ಟೆಯನ್ನ ಹಿಂದಕ್ಕೆ ಎಳ್ಕೊಳ್ಳುತ್ತೆ. ಮೇಲಿನ ಪಾದಕ್ಕೆ ಹಲ್ಲಿಲ್ಲ, ಅದು ಒತ್ತುತ್ತೆ ಅಷ್ಟೆ. ಅಡಿಯದು ಬೇಗ ಹೋಗುತ್ತೆ, ಮೇಲಿನದು ಹಿಂದೆ ಉಳಿದು ಪಾದದ ಮುಂದೆ ಉಬ್ಬುತ್ತೆ. ಆ ಉಬ್ಬು ಎಲ್ಲಾದರೂ ಹೊರಗೆ ಹೋಗಬೇಕಲ್ಲ? ಅಂಚು ಮೊದಲೇ ಹೊಲಿದು ಮುಚ್ಚಿದ್ರೆ ಅದಕ್ಕೆ ದಾರಿ ಇಲ್ಲ, ನಡುವೆ ಬಂದು ಸುಕ್ಕಾಗಿ ಕೂರುತ್ತೆ. ನಡುವಿನಿಂದ ಹೊಲಿದ್ರೆ ಪ್ರತಿ ಸಾಲೂ ಉಬ್ಬನ್ನ ಅಂಚಿಗೆ ತಳ್ಳುತ್ತೆ, ಅಂಚಿನಲ್ಲಿ ಮಿಕ್ಕಿದ್ದನ್ನ ಕತ್ತರಿಸಿ ಹಾಕೋದು.

— ಇದು ನನಗೆ ಹೊಳೆದೇ ಇರಲಿಲ್ಲ.

— ಇನ್ನೊಂದು ಕಾರಣ ಇದೆ. ಸೂಜಿಗೂ ಮೆಷಿನ್ನಿನ ಕಂಬಕ್ಕೂ ನಡುವೆ ಎಷ್ಟು ಜಾಗ ಇದೆ, ಕೈ ಇಟ್ಟು ನೋಡು. ಒಂದು ಗೇಣೂ ಇಲ್ಲ. ಇಷ್ಟು ದೊಡ್ಡ ಕೌದಿಯ ಬಲ ಅರ್ಧ ಚಾಪೆ ಥರ ಸುರುಳಿಯಾಗಿ ಆ ಸಂದಿಯಲ್ಲಿ ತೂರಬೇಕು. ನಡುವಿನ ಸಾಲು ಹೊಲಿಯುವಾಗಲೇ ಸುರುಳಿ ಅತಿ ದಪ್ಪ. ಅದೊಂದು ದಾಟಿದ್ರೆ ಆಮೇಲೆ ಸಾಲಿನಿಂದ ಸಾಲಿಗೆ ಸುರುಳಿ ಸಣ್ಣದಾಗ್ತಾ ಬರುತ್ತೆ. ಅರ್ಧ ಮುಗಿದ ಮೇಲೆ ತಿರುಗಿಸಿ ಇನ್ನರ್ಧ.

— ಅಷ್ಟು ಕಷ್ಟಪಡೋ ಬದಲು ಕೈಯಲ್ಲೇ ಹೊಲಿಯಬಹುದಲ್ಲ ಅತ್ತೆ?

— ಯಾವಾಗ? ಲೈನ್ ಮನೆಯ ಆಕೆ ಆ ಕೌದಿಯನ್ನ ಹೊಲಿದದ್ದು ಊರಲ್ಲಿ, ಬೇಸಗೆಯಲ್ಲಿ, ಹೊಲದಲ್ಲಿ ಕೆಲಸ ಇಲ್ಲದಾಗ, ಅಕ್ಕಪಕ್ಕದವರ ಜೊತೆ ಕೂತು. ಆ ಹೊತ್ತು, ಆ ಜೊತೆ ಎರಡೂ ನನಗಿಲ್ಲ. ಸಂಜೆ ಮನೆಗೆ ಬಂದು ಅಡುಗೆ, ನೋಟ್ಸ್ ತಿದ್ದೋದು, ಮಾವನ ಔಷಧಿ. ಕೈಯಲ್ಲೇ ಹೊಲೀಬೇಕು ಅಂತ ಹಟ ಹಿಡಿದ್ರೆ ಅಜ್ಜಿ ಸೀರೆ ಪೆಟ್ಟಿಗೆಯಲ್ಲೇ ಜಿರಲೆ ತಿಂದು ಹೋಗೋದು. ನಿಜವಾದ ಆಯ್ಕೆ ಕೈಯೋ ಮೆಷಿನ್ನೋ ಅನ್ನೋದಲ್ಲ ನನಗೆ. ಮೆಷಿನ್ ಕೌದಿಯೋ, ಕೌದಿಯೇ ಇಲ್ಲವೋ ಅನ್ನೋದು.

— ಗಾಂಧೀಜಿ ಒಪ್ಪುತ್ತಿದ್ರಾ?

— ಒಪ್ಪಿದ್ದಾರೆ! ತಮಾಷೆಗೆ ಹೇಳ್ತಿಲ್ಲ. 1924ರಲ್ಲಿ, ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಸ್ವಲ್ಪ ಮುಂಚೆ, ಯಂತ್ರಗಳ ಬಗ್ಗೆ ಶಾಂತಿನಿಕೇತನದ ವಿದ್ಯಾರ್ಥಿಯೊಬ್ಬರು ಕೇಳಿದ ಪ್ರಶ್ನೆಗಳಿಗೆ ಉತ್ತರ ಕೊಡ್ತಾ ಸಿಂಗರ್ ಹೊಲಿಗೆ ಮೆಷಿನ್ನನ್ನ ಮೆಚ್ಚಿದ್ರು. ಹೆಂಡತಿ ಹೊಲಿಗೆಯಲ್ಲಿ ಬೇಯೋದನ್ನ ನೋಡಲಾರದೆ ಸಿಂಗರ್ ಕಂಡುಹಿಡಿದದ್ದು ಅಂತ ಅವರು ಹೇಳಿದ್ರು. ಚರಿತ್ರೆಯಲ್ಲಿ ಅಷ್ಟು ಕೋಮಲವಾಗಿಲ್ಲ. ಎಲಿಯಾಸ್ ಹೋವ್ 1846ರಲ್ಲೇ ಪೇಟೆಂಟ್ ತಗೊಂಡಿದ್ದ, ಸಿಂಗರ್‌ದು 1851. ಇಬ್ಬರ ನಡುವೆ ಕೋರ್ಟು ಕಚೇರಿ ಆಗಿ ಹೋವ್ ಗೆದ್ದ. ಆದ್ರೂ ಗಾಂಧೀಜಿ ಕೇಳಿದ್ದು ಸರಿಯಾದ ಪ್ರಶ್ನೆ ಅನ್ನಿಸುತ್ತೆ ನನಗೆ. ಮೆಷಿನ್ ಯಾರ ಬೆನ್ನಿನ ಭಾರ ಇಳಿಸ್ತು ಅಂತ.

— ಅಮೆರಿಕದಲ್ಲೂ ಇದೇ ಜಗಳ ನಡೆದಿದೆ. ಅಲ್ಲಿ ಕೌದಿಗೆ ದೊಡ್ಡ ದೊಡ್ಡ ಸ್ಪರ್ಧೆ. 1989ರಲ್ಲಿ ಕೆಂಟಕಿಯ ಪಡೂಕಾದಲ್ಲಿ ಕ್ಯಾರಲ್ ಬ್ರೈಯರ್ ಫಾಲರ್ಟ್ ಅನ್ನೋರು ಸೂರ್ಯಗ್ರಹಣದ ಚಿತ್ರದ ಕೌದಿ ಇಟ್ಟಿದ್ರು. ಪೂರ್ತಿ ಮೆಷಿನ್ ಹೊಲಿಗೆ. ಅದಕ್ಕೆ ಅತ್ಯುತ್ತಮ ಬಹುಮಾನ ಕೊಟ್ಟಾಗ ಕೈಹೊಲಿಗೆಯವರು ತುಂಬ ಬೇಸರ ಮಾಡ್ಕೊಂಡ್ರಂತೆ. ಈಗ ಅಲ್ಲಿ ಮೆಷಿನ್ನಿನದ್ದೇ ಹೆಚ್ಚು.

— ಹೆಚ್ಚಾಗಲಿ, ಕಮ್ಮಿಯಾಗಲಿ. ಹೊಲಿಗೆ ಚೆನ್ನಾಗಿತ್ತಾ ಅನ್ನೋದು ಮುಖ್ಯ. ಆ ಕುರ್ಚಿ ಮೇಲಿನ ಪದರ ತಾ. ನಿಧಾನ, ಅಂಚು ಎಳೀಬೇಡ.

— ಅಯ್ಯೋ, ನಕ್ಷತ್ರ! ಇದು ಬೇಲೂರು ಗುಡಿಯ ಜಗತಿಕಟ್ಟೆ ಥರ ಇದೆಯಲ್ಲ.

— ಅಲ್ಲಿಂದಲೇ ಬಂದದ್ದು. ಮಕ್ಕಳನ್ನ ಪ್ರವಾಸಕ್ಕೆ ಕರ್ಕೊಂಡು ಹೋದಾಗೆಲ್ಲ ಎಲ್ಲರೂ ಮದನಿಕೆಯರನ್ನ ನೋಡ್ತಾರೆ, ನಾನು ಗುಡಿ ಬುಡ ನೋಡ್ತೀನಿ. ಹೊಯ್ಸಳ ದೊರೆ ವಿಷ್ಣುವರ್ಧನ 1117ರಲ್ಲಿ ಪ್ರತಿಷ್ಠೆ ಮಾಡಿಸಿದ ಗುಡಿ. ಅದರ ಗೋಡೆಯ ಏಣುಗಳು ಒಳಗೆ ಹೊರಗೆ ಹೋದ ಹಾಗೇ ಜಗತಿಯೂ ಹೋಗುತ್ತೆ. ಆ ನಕ್ಷತ್ರ ಹುಟ್ಟೋದು ಒಂದು ಚೌಕದಿಂದ. ಚೌಕದ ನಡುವೆ ಮೊಳೆ ಹೊಡೆದು ತಿರುಗಿಸು. 45 ಡಿಗ್ರಿ ತಿರುಗಿಸಿ ಇನ್ನೊಂದು ಚೌಕ ಬರೆದ್ರೆ ಎಂಟು ಮೂಲೆ. ಇಪ್ಪತ್ತೆರಡೂವರೆ ಡಿಗ್ರಿಗೆ ಒಂದರ ಹಾಗೆ ನಾಲ್ಕು ಚೌಕ ಬರೆದ್ರೆ ಹದಿನಾರು. ಅರಸೀಕೆರೆಯ ಈಶ್ವರ ಗುಡಿ, 1220ರ ಸುಮಾರಿನದು, ಹದಿನಾರು ಮೂಲೆಯ ನಕ್ಷತ್ರ. ಎಷ್ಟು ಸಲ ತಿರುಗಿಸಿದ್ರೂ ಹೊರಗೆ ಚಾಚೋ ಮೂಲೆ ಚೌಕದ್ದೇ ತಾನೆ? ಆದ್ದರಿಂದ ಎಲ್ಲ ಮೂಲೆಯೂ 90 ಡಿಗ್ರಿಯಲ್ಲೇ ಉಳಿಯುತ್ತೆ. ಅಮೆರಿಕದ ಕೌದಿಗಳ ಎಂಟು ಮೂಲೆ ನಕ್ಷತ್ರ ಬೇರೆ, ಅದನ್ನ ವಜ್ರದಾಕಾರದ ತುಂಡುಗಳಿಂದ ಕಟ್ಟೋದು, ಮೂಲೆ ಚೂಪು, ಹೊಲಿಯೋದು ಕಷ್ಟ. ಹೊಯ್ಸಳರ ನಕ್ಷತ್ರ ಹೊಲಿಯೋಕೆ ಎಷ್ಟು ಹಿತ ಗೊತ್ತಾ!

— ಇದನ್ನ ಹೇಗೆ ಕತ್ತರಿಸಿದ್ರಿ?

— ಹನ್ನೆರಡು ಅಂಗುಲದ ಒಂದು ಚೌಕ. ಅದರ ಒಂದೊಂದು ಬದಿಯ ನಟ್ಟನಡುವೆ ಐದು ಅಂಗುಲ ಬುಡ, ಎರಡೂವರೆ ಅಂಗುಲ ಎತ್ತರದ ತ್ರಿಕೋನ. ನಾಲ್ಕು ತ್ರಿಕೋನ ಸೇರಿಸಿದ್ರೆ ಎಂಟು ಮೂಲೆ ಆಯ್ತು. ಹೊಲಿಗೆಗೆ ಮಡಚೋಕೆ ಸುತ್ತ ಕಾಲಂಗುಲ ಜಾಸ್ತಿ ಬಿಡಬೇಕು. ನಕ್ಷತ್ರವನ್ನ ಹಿನ್ನೆಲೆ ಬಟ್ಟೆ ಮೇಲಿಟ್ಟು ಅಂಚು ಒಳಗೆ ಮಡಚಿ ಹೊಲಿದೆ, ಆಮೇಲೆ ಹಿಂದಿನಿಂದ ಅಡಿ ಬಟ್ಟೆಯನ್ನ ಹುಷಾರಾಗಿ ಕತ್ತರಿಸಿ ತೆಗೆದೆ. ಇಲ್ಲದಿದ್ರೆ ನಡುವೆ ಒಂದು ಪದರ ಜಾಸ್ತಿಯಾಗಿ ಸೂಜಿ ಒದ್ದಾಡುತ್ತೆ.

— ಆದ್ರೆ ಗುಡಿಯ ಆಕಾರ... ಮಲಗೋ ಬಟ್ಟೆ ಮೇಲೆ ಹಾಕಬಹುದಾ? ಕಾಲು ತಾಗಲ್ವಾ?

— ನಾನೂ ಅದನ್ನ ಯೋಚನೆ ಮಾಡಿದ್ದೀನಿ. ದೇವರ ರೂಪ, ಆನೆ, ಕುದುರೆ, ಸಳ ಯಾವುದನ್ನೂ ಹೊಲಿಯಲ್ಲ. ಗೆರೆ ಮಾತ್ರ. ಆ ಗೆರೆ ಗುಡಿಗಿಂತ ಮುಂಚೆ ಹಗ್ಗ ಹಿಡಿದು ನೆಲದ ಮೇಲೆ ಅಳೆದ ಕುಶಲಿಗರದ್ದು. ಆದ್ರೂ ನಕ್ಷತ್ರ ಇರೋ ಕೌದಿ ನಮ್ಮನೇಲಿ ಹೊದೆಯೋಕೆ ಮಾತ್ರ, ಹಾಸೋಕಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರನ್ನೂ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತಲ್ಲ, ಆಗ ನಮ್ಮ ಮಕ್ಕಳಿಗೆ ಕಾಗದದಲ್ಲಿ ಈ ಚೌಕ ತಿರುಗಿಸೋ ಲೆಕ್ಕ ಮಾಡಿಸಿದೆ. ಕೋನಮಾಪಕ ಅಂದ್ರೆ ಓಡಿಹೋಗ್ತಿದ್ದ ಹುಡುಗರು ಮೂವತ್ತೆರಡು ಮೂಲೆ ಬರೀತೀವಿ ಅಂತ ಕೂತ್ರು. ಸರಿ, ಪಿನ್ನು ಆಯ್ತಾ? ಈಗ ಸುತ್ತೋಣ.

— ಅಬ್ಬಾ, ಎಷ್ಟು ಭಾರ! ಊಟದ ಮೇಜನ್ನ ಮೆಷಿನ್ನಿಗೆ ಅಂಟಿಸಿ ಇಟ್ಟಿರೋದು ಇದಕ್ಕಾ?

— ಇದಕ್ಕೇ. ಎಡಗಡೆಯ ತೂಕ ಮೇಜು ಹೊರಬೇಕು. ಜೋತುಬಿದ್ರೆ ಬಟ್ಟೆ ಜಗ್ಗುತ್ತೆ, ಸೂಜಿ ಬಾಗುತ್ತೆ, ಬಾಗಿದ ಸೂಜಿ ಕೆಳಗಿನ ತಟ್ಟೆಗೆ ಬಡಿದು ಮುರಿಯುತ್ತೆ. ರವಿಕೆಗೆ 14ನೇ ನಂಬರ್ ಸೂಜಿ ಸಾಕು, ಇದಕ್ಕೆ 16. ಪದರ ಜಾಸ್ತಿ ಇದ್ರೆ 18. ಒಂದು ಕೌದಿಗೆ ಒಂದು ಹೊಸ ಸೂಜಿ, ಅದರಲ್ಲಿ ಜಿಪುಣತನ ಮಾಡಬಾರದು. ಟಾಕು ಅಂಗುಲಕ್ಕೆ ಎಂಟೋ ಒಂಬತ್ತೋ. ಸಣ್ಣ ಟಾಕು ಹಾಕಿದ್ರೆ ಗಟ್ಟಿ ಅಂತ ಜನ ಅಂದ್ಕೋತಾರೆ. ಹಳೇ ಸೀರೆಗೆ ಸಣ್ಣ ಟಾಕು ಅಂದ್ರೆ ಸಾಲು ತೂತು, ಅಲ್ಲೇ ಹರಿಯುತ್ತೆ.

— ಮೊದಲು ಚೂರು ಬಟ್ಟೆ ಮೇಲೆ ಹೊಲೀತಿದ್ದೀರಲ್ಲ, ಯಾಕೆ?

— ಟೆನ್ಶನ್ ನೋಡೋಕೆ. ಕೈಹೊಲಿಗೆಯಲ್ಲಿ ಒಂದೇ ದಾರ ಮೇಲೆ ಕೆಳಗೆ ಓಡಾಡುತ್ತೆ. ಇಲ್ಲಿ ಎರಡು ದಾರ, ಮೇಲಿನದು ಒಂದು, ಬಾಬಿನ್‌ದು ಒಂದು. ಎರಡೂ ಬಟ್ಟೆಯ ಹೊಟ್ಟೆಯೊಳಗೆ ಕೊಂಡಿ ಹಾಕ್ಕೋಬೇಕು. ಕೊಂಡಿ ಮೇಲೆ ಕಂಡ್ರೆ ಮೇಲಿನ ದಾರ ಬಿಗಿ, ಕೆಳಗೆ ಕಂಡ್ರೆ ಸಡಿಲ. ರವಿಕೆಗೆ ಇಟ್ಟ ಟೆನ್ಶನ್ ಕೌದಿಗೆ ಆಗಲ್ಲ. ನೋಡು, ಎರಡೂ ಕಡೆ ಒಂದೇ ಥರ ಬಂತು. ಈಗ ನಕ್ಷತ್ರದ ನಡುವಿನಿಂದ.

— ಸೋಪಿನ ಗೆರೆ ಹಿಡಿದು ಹೋಗ್ತಿದ್ದೀರಿ. ಆದ್ರೆ ಕೈ ಬಟ್ಟೆಯನ್ನ ತಳ್ಳುತ್ತಲೂ ಇಲ್ಲ, ಎಳೆಯುತ್ತಲೂ ಇಲ್ಲ.

— ಎಳೆದ್ರೆ ಕೆಟ್ಟಿತು. ಎರಡು ಅಂಗೈ ಸೂಜಿಯ ಅಕ್ಕಪಕ್ಕ ಚಪ್ಪಟೆಯಾಗಿ ಇಡೋದು, ಮೇಲಿನ ಪದರ ಹಿಂದೆ ಉಳಿಯದ ಹಾಗೆ ಸ್ವಲ್ಪ ಒಳಕ್ಕೆ ಕಳಿಸೋದು. ಬೆರಳಿಗೆ ಉಬ್ಬು ಗೊತ್ತಾಗುತ್ತೆ. ಕೊಪ್ಪಳದ ಆಕೆಯ ಎಡಗೈ ಅಡಿಯಿಂದ ಮಾಡ್ತಿದ್ದ ಕೆಲಸವನ್ನ ನನ್ನ ಎರಡೂ ಕೈ ಮೇಲಿನಿಂದ ಮಾಡ್ತವೆ. ಬಾ, ನನ್ನ ಕೈ ಮೇಲೆ ಕೈ ಇಡು. ಗೊತ್ತಾಯ್ತಾ? ಈಗ ಹಲ್ಲನ್ನ ಕೆಳಗಿಳಿಸ್ತೀನಿ, ಮೂಲೆಗಳಲ್ಲಿ ಬಳ್ಳಿ ಹೊಲಿಯೋಕೆ. ಇನ್ನು ಬಟ್ಟೆಯನ್ನ ಮೆಷಿನ್ ಸಾಗಿಸಲ್ಲ, ನಾನೇ ಸಾಗಿಸಬೇಕು. ಕೈ ವೇಗವಾಗಿ ಹೋದ್ರೆ ಟಾಕು ಉದ್ದ, ನಿಧಾನ ಆದ್ರೆ ಗಿಡ್ಡ. ಟೈಲರಿಂಗ್ ಕ್ಲಾಸಲ್ಲಿ ರಿಂಗ್ ಹಾಕಿ ಎಂಬ್ರಾಯ್ಡರಿ ಕಲಿತವರಿಗೆಲ್ಲ ಇದು ಗೊತ್ತು.

— ಕರೆಂಟ್ ಹೋಯ್ತು!

— ಹೋಗಲಿ. ಮೋಟರ್ ಬೆಲ್ಟ್ ತೆಗೆದು ಕಾಲಿನ ಬೆಲ್ಟ್ ಹಾಕು. ಅದಕ್ಕೇ ಹಳೇ ಸ್ಟ್ಯಾಂಡ್ ಮಾರಲಿಲ್ಲ. ಬಳ್ಳಿಗೆ ಕಾಲು ಮೆಷಿನ್ನೇ ವಾಸಿ, ಒಂದೊಂದೇ ಟಾಕು ಹಾಕೋವಷ್ಟು ನಿಧಾನ ಮಾಡಬಹುದು. ಚಕ್ರ ಮಾತ್ರ ನಮ್ಮ ಕಡೆಗೇ ತಿರುಗಬೇಕು, ಉಲ್ಟಾ ತಿರುಗಿದ್ರೆ ದಾರ ತುಂಡು.

— ಅತ್ತೆ, ಇಷ್ಟು ಚೆನ್ನಾಗಿ ಬರುತ್ತೆ. ನಮ್ಮ ಅಂಗಡಿಗೆ ಕೊಡಿ. ಮೆಷಿನ್ ಹೊಲಿಗೆ ಅಂತಲೇ ಬರೆದು ಇಡ್ತೀನಿ, ಹೊಯ್ಸಳ ನಕ್ಷತ್ರ ಅಂದ್ರೆ ತಗೊಳ್ಳೋರು ಇದ್ದಾರೆ.

— ಬರೋರೆಲ್ಲ ಇದನ್ನೇ ಕೇಳ್ತಾರೆ. ಹೆಂಗಸು ಒಂದು ದಿನ ಪೂರ್ತಿ ಏನಾದ್ರೂ ಮಾಡಿದ್ಲು ಅಂದ್ರೆ ಎಷ್ಟು ಸಿಗುತ್ತೆ ಅನ್ನೋದು ಮೊದಲ ಪ್ರಶ್ನೆ. ನಿಮ್ಮ ಮಾವ ಭಾನುವಾರ ಕ್ರಿಕೆಟ್ ನೋಡಿದ್ರೆ ಯಾರೂ ಅದನ್ನ ಕೇಳಲ್ಲ. ಸಿಟ್ಟಿಗೆ ಹೇಳ್ತಿಲ್ಲ ಪುಟ್ಟಿ, ಇದು ನನಗೆ ಇಷ್ಟವಾದ ಕೆಲಸ, ಇದರ ಲೆಕ್ಕ ನನ್ನ ಹತ್ತಿರವೇ ಇರಲಿ. ಇನ್ನೊಂದು ಮಾತು ಇದೆ. ನನಗೆ ಸಂಬಳ ಬರುತ್ತೆ. ನಾನು ನೂಲಿನ ದುಡ್ಡು ಬಂದ್ರೆ ಸಾಕು ಅಂತ ಕಡಿಮೆ ಬೆಲೆಗೆ ಕೊಟ್ಟರೆ ಇದರಿಂದಲೇ ಅಕ್ಕಿ ತರೋ ಹೆಂಗಸರ ಕೌದಿಗೆ ಯಾರು ಸರಿಯಾದ ಬೆಲೆ ಕೊಡ್ತಾರೆ? ಹಾಸನದ ಹಿಮತ್‌ಸಿಂಗ್ಕಾ ಕಾರ್ಖಾನೆಯಿಂದ ಹೊರದೇಶಗಳಿಗೆ ಹಾಸಿಗೆ ಬಟ್ಟೆ ಹೋಗುತ್ತೆ, ಬೆಲೆಯ ಪೈಪೋಟಿ ಅಲ್ಲೇ ಬೇಕಾದಷ್ಟಿದೆ. ಹವ್ಯಾಸದವರು ಅದಕ್ಕೆ ಇಳಿಯೋದು ಬೇಡ. ನಿನ್ನ ಅಂಗಡಿಯವರು ಸಿದ್ದಿಗಳ ಹತ್ತಿರ, ಬಾಗಲಕೋಟೆಯವರ ಹತ್ತಿರ ತಗೊಳ್ಳಲಿ, ಚೌಕಾಸಿ ಮಾಡದೆ ತಗೊಳ್ಳಲಿ.

— ಹಾಗಾದ್ರೆ ಇದು ಯಾರಿಗೆ?

— ನಿನ್ನ ಅಕ್ಕನ ಬಾಣಂತನಕ್ಕೆ. ಮಗುವಿನ ಮೈಗೆ ಅಜ್ಜಿ ಸೀರೆಯ ಬದಿ ಬರಬೇಕು, ನಕ್ಷತ್ರ ಮೇಲಕ್ಕೆ. ಒಂದು ಮಾತು ಒಪ್ಪಬೇಕು, ಕೈಹೊಲಿಗೆಯ ಕೌದಿ ಮೈಗೆ ಇದಕ್ಕಿಂತ ಮೆತ್ತಗೆ ಕೂರುತ್ತೆ. ಮೆಷಿನ್ ಹೊಲಿಗೆಯ ಸಾಲು ಸ್ವಲ್ಪ ಬಿರುಸು, ಆರೇಳು ಒಗೆತ ಆಗಬೇಕು ಮೆದುವಾಗೋಕೆ. ಅದಕ್ಕೇ ಮಗುವಿನ ಮುಖ ತಾಗೋ ಕಡೆ ಸಾಲು ದೂರ ದೂರ ಹಾಕಿದ್ದೀನಿ.

— ಮೂಲೆಗೆ ನಾನು ಫೂಲ ಮಾಡಿಕೊಡ್ಲಾ? ಮಡಚೋದು ನೋಡ್ಕೊಂಡಿದ್ದೀನಿ.

— ಬೇಡ. ಅದು ಸಿದ್ದಿ ಹೆಂಗಸರ ಗುರುತು, ಅವರ ಕೌದಿಯಲ್ಲೇ ಇರಲಿ. ಅಜ್ಜಿಯ ಇನ್ನೊಂದು ಸೀರೆಯ ಹಸಿರು ಅಂಚು ಉಳಿದಿದೆ, ಅದನ್ನೇ ನಾಲ್ಕೂ ಬದಿಗೆ ಪಟ್ಟಿ ಕೊಡೋಣ. ಮುಂದಿನ ಕಡೆ ಮೆಷಿನ್ನಲ್ಲಿ ಹೊಲಿದು, ಹಿಂದಕ್ಕೆ ಮಡಚಿ ಕೈಯಲ್ಲಿ ಹೆಮ್ಮಿಂಗ್.

— ಕೈಯಲ್ಲಾ?

— ಮೆಷಿನ್ನಲ್ಲಿ ಹೊಲಿದ್ರೆ ಹಿಂದಿನ ಪಟ್ಟಿ ಎಲ್ಲಿ ಜಾರ್ತು ಅಂತ ಕಾಣಲ್ಲ. ಕೈಯಿಂದಲೇ ಆಗೋ ಕೆಲಸಕ್ಕೆ ಕೈ ಬೇಕು. ನೀನು ಆ ಬದಿಯಿಂದ ಬಾ, ನಾನು ಈ ಬದಿಯಿಂದ ಬರ್ತೀನಿ. ಕಾಲಂಗುಲಕ್ಕೊಂದು ಟಾಕು, ಅಡಿಯ ಸೀರೆಯಷ್ಟೇ ಹಿಡಿ, ಸೂಜಿ ಮೇಲಕ್ಕೆ ಕಾಣಬಾರದು. ನಿನ್ನ ಬಸ್ಸು ಎಷ್ಟು ಗಂಟೆಗೆ?

— ಬೆಳಿಗ್ಗೆ. ಮೂರು ಬದಿ ಆಗಬಹುದೇನೋ.

— ಆದಷ್ಟು ಆಗಲಿ. ಉಳಿದದ್ದು ಮುಂದಿನ ಭಾನುವಾರ ನಾನು ಮುಗಿಸ್ತೀನಿ.